ಸ್ನೇಹಿತನ ನೆರವು ವರಮಾನವೆ?

ಕಷ್ಟಕಾಲದಲ್ಲಿ ಸ್ನೇಹಿತನು ಕೈಹಿಡಿದು ನಡೆಸುವುದು ನಮ್ಮ ಜನಕ್ಕೆ ಹೊಸದಲ್ಲ. ಮನೆಯ ಯಜಮಾನನಿಗೆ ಕೆಲಸ ತಪ್ಪಿತು, ಇಲ್ಲವೆ ಮನೆಯವರಲ್ಲಿ ಒಬ್ಬರು ದೊಡ್ಡ ಕಾಯಿಲೆಯಿಂದ ಮಲಗಿದರು. ಆಗ ಜೊತೆಯಲ್ಲಿ ಓದಿದವನೊಬ್ಬನು ಒಂದು ಲಕ್ಷ ರೂಪಾಯಿಯನ್ನು ಕಳುಹಿಸಿ, ಹಿಂದಕ್ಕೆ ಕೊಡುವ ಯೋಚನೆ ಬೇಡವೆಂದು ಬರೆದನು ಎನ್ನೋಣ. ಪಡೆದವನ ಮನಸ್ಸಿನಲ್ಲಿ ಆ ಹೊತ್ತಿಗೆ ಕೃತಜ್ಞತೆಯ ಹೊರತು ಬೇರೆ ಭಾವವಿರಲಾರದು. ಆದರೆ ವರ್ಷ ತುಂಬಿ, ವರಮಾನ ತೆರಿಗೆಯ ಲೆಕ್ಕವನ್ನು ಒಪ್ಪಿಸುವ ಕಾಲ ಬಂದಾಗ ಒಂದು ಸಂದೇಹ ತಲೆದೋರುತ್ತದೆ. ಈ ಹಣವು ದುಡಿದು ಗಳಿಸಿದ್ದಲ್ಲ, ಬಡ್ಡಿಯಲ್ಲ, ಬಾಡಿಗೆಯಲ್ಲ, ವ್ಯಾಪಾರದ ಲಾಭವೂ ಅಲ್ಲ. ಹೀಗಿರುವಾಗ ಇದನ್ನು ವರಮಾನವೆಂದು ತೋರಿಸಬೇಕೆ? ಇದರಲ್ಲಿ ಸರ್ಕಾರಕ್ಕೆ ಪಾಲು ಎಲ್ಲಿಂದ ಬಂದಿತು?

ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳುವುದು ಸಾಧ್ಯವಿಲ್ಲ. ಏಕೆಂದರೆ ನಮ್ಮ ದೇಶದ ಶಾಸನವು ಈ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ಇಂದಿನ ಉತ್ತರವನ್ನು ಸರಿಯಾಗಿ ಗ್ರಹಿಸಬೇಕಾದರೆ ಹಿಂದಿನ ಉತ್ತರಗಳನ್ನು ಸ್ವಲ್ಪ ಬಲ್ಲವರಾಗಿರಬೇಕು.

ಬ್ರಿಟಿಷ್ ಇಂಡಿಯಾದಲ್ಲಿ ೧೯೨೨ರ ವರಮಾನ ತೆರಿಗೆಯ ಶಾಸನವು ಜಾರಿಯಲ್ಲಿದ್ದಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ೧೯೨೩ರ ಶಾಸನವಿದ್ದಿತು. ಅದು ೧೯೫೦ರಲ್ಲಿ ಇಂಡಿಯಾದ ಶಾಸನವು ಇಲ್ಲಿಗೆ ವಿಸ್ತರಿಸುವವರೆಗೆ ನಡೆಯಿತು. ಆಗಿನ ಕಾಲದಲ್ಲಿ ವರಮಾನವೆಂದರೆ ಏನೆಂಬುದಕ್ಕೆ ಪ್ರಿವಿ ಕೌನ್ಸಿಲಿನ ನ್ಯಾಯಾಧೀಶರು ೧೯೩೨ರಲ್ಲಿ, ಕಲ್ಕತ್ತೆಯ ಷಾ ವಾಲೇಸ್ ಕಂಪೆನಿಯ ಮೊಕದ್ದಮೆಯಲ್ಲಿ, ಒಂದು ಸೊಗಸಾದ ಹೋಲಿಕೆಯನ್ನು ಕೊಟ್ಟರು. ವರಮಾನವೆಂಬುದು ಮರದ ಹಣ್ಣಿನಂತೆ, ಹೊಲದ ಬೆಳೆಯಂತೆ. ಅದಕ್ಕೆ ಒಂದು ಗೊತ್ತಾದ ಮೂಲವಿರಬೇಕು, ಆ ಮೂಲದಿಂದ ಅದು ಸ್ವಲ್ಪಮಟ್ಟಿಗಾದರೂ ಕ್ರಮವಾಗಿ ಬರುತ್ತಿರಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ನೌಕರನಿಗೆ ಉದ್ಯೋಗವು ಮರ, ಸಂಬಳವು ಹಣ್ಣು. ಮನೆಯ ಒಡೆಯನಿಗೆ ಮನೆಯೇ ಮರ, ಬಾಡಿಗೆಯೇ ಹಣ್ಣು. ಸ್ನೇಹವೆಂಬುದು ಇಂಥ ಮರವಲ್ಲವಷ್ಟೆ. ಸ್ನೇಹಿತನು ಒಮ್ಮೆ ಕೊಟ್ಟ ಹಣವು ದಾರಿಯಲ್ಲಿ ಹೋಗುವಾಗ ಅಕಸ್ಮಾತ್ತಾಗಿ ಮಡಿಲಿಗೆ ಬಿದ್ದ ಹಣ್ಣು. ನಾಳೆ ಮತ್ತೆ ಬೀಳುವುದೆಂಬ ಭರವಸೆಯಿಲ್ಲ. ೧೯೨೨ರ ಶಾಸನವು ಕೂಡ, ವ್ಯಾಪಾರದಿಂದಾಗಲಿ ವೃತ್ತಿಯಿಂದಾಗಲಿ ಹುಟ್ಟದೆ ಅಕಸ್ಮಾತ್ತಾಗಿ ಬಂದ, ಮರುಕಳಿಸುವ ಸ್ವಭಾವವಿಲ್ಲದ ಹಣವನ್ನು ತೆರಿಗೆಯ ಲೆಕ್ಕದಿಂದ ಹೊರಗಿಟ್ಟಿದ್ದಿತು.

ತತ್ತ್ವವೇನೋ ಸ್ಪಷ್ಟವಾಗಿದ್ದಿತು. ಆದರೆ ಕೊಡುಗೆಯು ಕೇವಲ ಪ್ರೀತಿಯಿಂದ ಬಂದದ್ದೋ, ಪಡೆದವನು ಮಾಡಿದ ಯಾವುದಾದರೂ ಕೆಲಸದ ಫಲವಾಗಿ ಬಂದದ್ದೋ ಎಂಬುದನ್ನು ತೀರ್ಮಾನಿಸುವುದು ಅಷ್ಟು ಸುಲಭವಾಗಿರಲಿಲ್ಲ. ಸುಪ್ರೀಂ ಕೋರ್ಟಿನ ಮುಂದೆ ಬಂದ ಎರಡು ಮೊಕದ್ದಮೆಗಳನ್ನು ಜೊತೆಯಾಗಿ ಇಟ್ಟು ನೋಡಿದರೆ ಈ ಕಷ್ಟವು ಚೆನ್ನಾಗಿ ಮನಸ್ಸಿಗೆ ಬರುತ್ತದೆ.

ಮೊದಲನೆಯದು ತಿರುವನಂತಪುರದ ಪಿ. ಕೃಷ್ಣಮೆನನ್ ಅವರದು. ಅವರು ತಿರುವಾಂಕೂರು ಸರ್ಕಾರದ ಸೇವೆಯಿಂದ ನಿವೃತ್ತರಾಗಿ ವೇದಾಂತವನ್ನು ಬೋಧಿಸುತ್ತ ಕಾಲ ಕಳೆಯುತ್ತಿದ್ದರು. ಯಾರಿಂದಲೂ ಶುಲ್ಕವನ್ನು ಕೇಳುತ್ತಿರಲಿಲ್ಲ. ಅವರ ಶಿಷ್ಯರಲ್ಲಿ ಲೀವಿ ಎಂಬ ಆಂಗ್ಲರೊಬ್ಬರು ಆಗಾಗ ಸೀಮೆಯಿಂದ ಬಂದು ಪಾಠ ಕೇಳಿ ಹೋಗುತ್ತಿದ್ದವರು, ಗುರುಗಳ ಹೆಸರಿಗೆ ಲಕ್ಷಗಟ್ಟಲೆ ರೂಪಾಯಿಗಳನ್ನು ಬ್ಯಾಂಕಿನ ಮೂಲಕ ವರ್ಗ ಮಾಡಿದರು. ತೆರಿಗೆಯ ಅಧಿಕಾರಿಗಳು ಇದನ್ನು ವರಮಾನವೆಂದರು. ಮೆನನ್ ಅವರು ಇದು ಶಿಷ್ಯನ ಪ್ರೀತಿಯ ಕಾಣಿಕೆಯೆಂದು ವಾದಿಸಿದರು. ಈ ಮೊಕದ್ದಮೆಯ ಪ್ರತಿವಾದಿಯು ಮೈಸೂರು, ತಿರುವಾಂಕೂರು-ಕೊಚ್ಚಿ ಮತ್ತು ಕೊಡಗಿಗೆ ಸೇರಿದಂತೆ ಬೆಂಗಳೂರಿನಲ್ಲಿದ್ದ ತೆರಿಗೆಯ ಕಮಿಷನರು ಎಂಬುದು ನಮ್ಮವರಿಗೆ ಸ್ವಾರಸ್ಯವಾದ ಸಂಗತಿ. ೧೯೫೮ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರವಾಗಿ ತೀರ್ಪು ಕೊಟ್ಟಿತು. ವೇದಾಂತದ ಬೋಧನೆಯೂ ಒಂದು ವೃತ್ತಿಯೇ. ವೃತ್ತಿಯೆನಿಸುವುದಕ್ಕೆ ಲಾಭದ ಆಸೆ ಇರಬೇಕೆಂಬ ನಿಯಮವಿಲ್ಲ. ಬೋಧನೆ ನಡೆಯದಿದ್ದರೆ ಈ ಹಣ ಬರುತ್ತಿರಲಿಲ್ಲ. ಆದುದರಿಂದ ಇದು ವೃತ್ತಿಯ ಫಲ ಎಂದು ಅವರು ನಿರ್ಣಯಿಸಿದರು. ಕೇಳದೆ ಬಂದ ಗುರುದಕ್ಷಿಣೆಗೂ ತೆರಿಗೆ ಬಿದ್ದಿತು.

ಎರಡನೆಯದು ಒಬ್ಬ ದಿವಾನರದು. ಭಾವನಗರದ ಸಂಸ್ಥಾನದಲ್ಲಿ ಅನಂತರಾಯ್ ಪಟ್ಟಣಿಯವರು ಬಹುಕಾಲ ದಿವಾನರಾಗಿದ್ದರು. ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾದಾಗ ಅವರ ಅಧಿಕಾರವು ಮುಗಿಯಿತು; ನಿವೃತ್ತಿವೇತನವೂ ಗೊತ್ತಾಯಿತು. ಆ ಬಳಿಕ, ೧೯೫೦ರಲ್ಲಿ, ಮಹಾರಾಜರು ತಮ್ಮ ಸ್ವಂತ ಹಣದಿಂದ ಅವರಿಗೆ ಐದು ಲಕ್ಷ ರೂಪಾಯಿಗಳನ್ನು ಕೊಟ್ಟರು. ಇದು ಮಾಡಿದ ಸೇವೆಗೆ ಸಂದ ಪ್ರತಿಫಲವೆಂದು ತೆರಿಗೆಯವರ ವಾದ. ೧೯೬೧ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಸೇವೆಯ ಸಂಬಂಧವು ಮುಗಿದು ಹೋಗಿದ್ದಿತು, ಕೊಡಬೇಕೆಂಬ ಕರಾರು ಯಾವುದೂ ಇರಲಿಲ್ಲ, ಮಹಾರಾಜರು ಆ ವ್ಯಕ್ತಿಯ ಗುಣವನ್ನು ಮೆಚ್ಚಿ ಕೊಟ್ಟ ಸ್ವಂತ ಕೊಡುಗೆಯಿದು ಎಂದು ತೀರ್ಪಾಯಿತು. ಐದು ಲಕ್ಷಕ್ಕೂ ತೆರಿಗೆ ಇಲ್ಲವಾಯಿತು.

ಶಿಷ್ಯನ ಕಾಣಿಕೆಗೆ ತೆರಿಗೆಯುಂಟು, ಅರಸನ ಕಾಣಿಕೆಗೆ ಇಲ್ಲವೆಂದರೆ ಸಾಮಾನ್ಯರಿಗೆ ಆಶ್ಚರ್ಯವಾಗುವುದು ಸಹಜ. ಆದರೆ ಎರಡು ತೀರ್ಪುಗಳ ಹಿಂದೆಯೂ ಇದ್ದ ಪ್ರಶ್ನೆ ಒಂದೇ: ಹಣವು ಏತಕ್ಕಾಗಿ ಬಂದಿತು? ಕೆಲಸಕ್ಕಾಗಿ ಬಂದಿದ್ದರೆ ಅದು ವರಮಾನ, ಮನುಷ್ಯನಿಗಾಗಿ ಬಂದಿದ್ದರೆ ಅಲ್ಲ. ಈ ಭೇದವು ಇಂದಿಗೂ ಉಪಯೋಗವುಳ್ಳದ್ದು. ವಕೀಲನಿಗೆ ಕಕ್ಷಿಗಾರನೂ ವೈದ್ಯನಿಗೆ ರೋಗಿಯೂ ಸ್ನೇಹಿತರಾಗಿರಬಹುದು. ಅವರು ಕೊಟ್ಟ ಹಣಕ್ಕೆ ಕೊಡುಗೆಯೆಂದು ಹೆಸರಿಟ್ಟ ಮಾತ್ರಕ್ಕೆ ಅದು ಕೊಡುಗೆಯಾಗುವುದಿಲ್ಲ.

ಇಲ್ಲಿಯವರೆಗೆ ಪಡೆದವನ ವಿಷಯವಾಯಿತು. ನಡುವೆ ಕೆಲವು ಕಾಲ ಸರ್ಕಾರವು ಕೊಟ್ಟವನ ಕಡೆಗೂ ತಿರುಗಿದ್ದಿತು. ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕ್ಯಾಲ್ಡೋರ್ ಅವರು ೧೯೫೬ರಲ್ಲಿ ಕೊಟ್ಟ ಸಲಹೆಯ ಮೇಲೆ ೧೯೫೮ರಲ್ಲಿ ದಾನ ತೆರಿಗೆಯ ಶಾಸನವು ಹುಟ್ಟಿತು. ಅದರ ಪ್ರಕಾರ ಕೊಟ್ಟವನು ತೆರಿಗೆ ತೆರಬೇಕಾಗಿದ್ದಿತು. ಕೊಟ್ಟ ತಪ್ಪಿಗೆ ದಂಡವೆಂದು ಹಾಸ್ಯ ಮಾಡಿದವರೂ ಉಂಟು. ೧೯೯೮ರ ಅಕ್ಟೋಬರ್ ೧ರಿಂದ ಅದು ನಿಂತುಹೋಯಿತು. ಆ ಮೇಲೆ ಸುಮಾರು ಆರು ವರ್ಷಗಳ ಕಾಲ ಕೊಟ್ಟವನಿಗೂ ತೆರಿಗೆಯಿಲ್ಲ, ಪಡೆದವನಿಗೂ ತೆರಿಗೆಯಿಲ್ಲ. ಲೆಕ್ಕಕ್ಕೆ ಸಿಕ್ಕದ ಹಣವನ್ನು ಸ್ನೇಹಿತನ ಕೊಡುಗೆಯೆಂದು ತೋರಿಸುವುದಕ್ಕೆ ಇದಕ್ಕಿಂತ ಅಗಲವಾದ ಬಾಗಿಲು ಬೇಕೆ? ನಿಜವಾದ ಸ್ನೇಹಕ್ಕೆ ಬಿಟ್ಟುಕೊಟ್ಟ ದಾರಿಯಲ್ಲಿ ಸುಳ್ಳು ಸ್ನೇಹಗಳು ಹೆಚ್ಚಾಗಿ ಓಡಾಡತೊಡಗಿದವು.

ಈ ಬಾಗಿಲನ್ನು ಮುಚ್ಚುವುದಕ್ಕಾಗಿ ೨೦೦೪ರಲ್ಲಿ ಹೊಸ ನಿಯಮವನ್ನು ತಂದರು. ಆ ವರ್ಷದ ಸೆಪ್ಟೆಂಬರ್ ೧ರಿಂದ, ಪ್ರತಿಫಲವಿಲ್ಲದೆ ಬಂದ ೨೫,೦೦೦ ರೂಪಾಯಿಗೆ ಮೀರಿದ ಹಣವು ಪಡೆದವನ ವರಮಾನವೇ ಎಂದಾಯಿತು. ೨೦೦೬ರ ಏಪ್ರಿಲ್ ತಿಂಗಳಿಂದ ಈ ಮಿತಿಯು ೫೦,೦೦೦ಕ್ಕೆ ಏರಿತು. ೨೦೦೯ರ ಅಕ್ಟೋಬರ್ ತಿಂಗಳಿಂದ ಹಣದ ಜೊತೆಗೆ ನಿವೇಶನ, ಮನೆ, ಷೇರು, ಒಡವೆ, ಚಿತ್ರ, ಶಿಲ್ಪ ಮೊದಲಾದವುಗಳೂ ಸೇರಿದವು. ಈ ಪಟ್ಟಿಯಲ್ಲಿ ಮೋಟಾರು ಕಾರಿನ ಹೆಸರಿಲ್ಲವೆಂಬುದನ್ನು ತಿಳಿದವರು ನಗುತ್ತ ಹೇಳುವುದುಂಟು. ಮರ ಎಲ್ಲಿದೆ, ಹಣ್ಣು ಯಾವುದು ಎಂಬ ಹಳೆಯ ವಿಚಾರಣೆಗೆ ಈ ಮಿತಿಯ ಮೇಲೆ ಅವಕಾಶವಿಲ್ಲ. ಪ್ರೀತಿಯಿಂದಲೇ ಬಂದಿರಲಿ, ಕರುಣೆಯಿಂದಲೇ ಬಂದಿರಲಿ, ಅದು ವರಮಾನ.

ಹಾಗಾದರೆ ನಾವು ಮೊದಲು ಹೇಳಿದ ಗೃಹಸ್ಥನ ಒಂದು ಲಕ್ಷ ರೂಪಾಯಿ ಏನಾಯಿತು? ಅದು ವರಮಾನವೆಂದೇ ಹೇಳಬೇಕಾಗುತ್ತದೆ. ಇಲ್ಲಿ ಬಹುಮಂದಿಯ ತಿಳುವಳಿಕೆಗೆ ಬಾರದ ಎರಡು ಅಂಶಗಳಿವೆ. ಐವತ್ತು ಸಾವಿರದವರೆಗೆ ಬಿಟ್ಟು ಮಿಕ್ಕದ್ದಕ್ಕೆ ಮಾತ್ರ ತೆರಿಗೆಯೆಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ೫೦,೦೦೦ ರೂಪಾಯಿ ಬಂದರೆ ಏನೂ ಇಲ್ಲ. ೫೦,೦೦೧ ಬಂದರೆ ಆ ೫೦,೦೦೧ ರೂಪಾಯಿಯೂ ಲೆಕ್ಕಕ್ಕೆ ಬರುತ್ತದೆ. ಒಂದು ರೂಪಾಯಿಯ ಹೆಚ್ಚಳವು ಮೊತ್ತವನ್ನೆಲ್ಲ ಎಳೆದುಕೊಂಡು ಬರುತ್ತದೆ. ಎರಡನೆಯದಾಗಿ, ಈ ಮಿತಿಯು ಒಬ್ಬೊಬ್ಬ ಸ್ನೇಹಿತನಿಗೂ ಪ್ರತ್ಯೇಕವಾಗಿ ಇರುವುದಲ್ಲ. ವರ್ಷವೊಂದರಲ್ಲಿ ಬಂಧುಗಳಲ್ಲದವರೆಲ್ಲರಿಂದಲೂ ಬಂದ ಹಣವನ್ನು ಕೂಡಿಸಬೇಕು. ಒಬ್ಬನು ಮೂವತ್ತು ಸಾವಿರವನ್ನೂ ಇನ್ನೊಬ್ಬನು ಇಪ್ಪತ್ತೈದು ಸಾವಿರವನ್ನೂ ಕೊಟ್ಟಿದ್ದರೆ, ಐವತ್ತೈದು ಸಾವಿರವೂ ವರಮಾನ.

ವರಮಾನವೆನಿಸಿತೆಂದ ಮಾತ್ರಕ್ಕೆ ತೆರಿಗೆ ತೆರಲೇಬೇಕೆಂದು ಗಾಬರಿಪಡಬೇಕಾಗಿಲ್ಲ. ಈ ಹಣವನ್ನು ಉಳಿದ ವರಮಾನದೊಂದಿಗೆ ಕೂಡಿಸಿ, ಸಾಮಾನ್ಯ ದರದಂತೆಯೇ ತೆರಿಗೆಯನ್ನು ಎಣಿಸುತ್ತಾರೆ. ಕೆಲಸ ತಪ್ಪಿ ವರ್ಷವೆಲ್ಲ ಬೇರೆ ಗಳಿಕೆಯಿಲ್ಲದವನಿಗೆ ಒಂದು ಲಕ್ಷದ ನೆರವಿನಿಂದ ತೆರಿಗೆ ಹುಟ್ಟುವುದಿಲ್ಲ. ೨೦೨೫-೨೬ನೆಯ ಸಾಲಿಗೆ ಹೊಸ ಪದ್ಧತಿಯಲ್ಲಿ ೧೨ ಲಕ್ಷ ರೂಪಾಯಿಯವರೆಗಿನ ಸಾಮಾನ್ಯ ವರಮಾನಕ್ಕೆ ರಿಯಾಯಿತಿಯ ಮೂಲಕ ತೆರಿಗೆಯೇ ಬೀಳದಂತೆ ಮಾಡಲಾಯಿತು. ನಿಜವಾದ ಭಾರ ಬೀಳುವುದು, ಸಂಬಳ ಚೆನ್ನಾಗಿದ್ದೂ ಆಸ್ಪತ್ರೆಯ ಖರ್ಚಿನಿಂದ ಕುಸಿದು ಸ್ನೇಹಿತರ ಕಡೆಗೆ ಕೈಚಾಚಿದ ಮಧ್ಯಮ ವರ್ಗದವನ ಮೇಲೆ.

ಬಂಧುಗಳಿಂದ ಬಂದದ್ದಕ್ಕೆ ಮಾತ್ರ ಮಿತಿಯೇ ಇಲ್ಲ. ತಂದೆಯು ಮಗಳಿಗೆ ಕೋಟಿ ರೂಪಾಯಿ ಕೊಟ್ಟರೂ ಅದು ಅವಳ ವರಮಾನವಲ್ಲ. ಆದರೆ ಬಂಧುವೆಂದರೆ ಯಾರು? ಶಾಸನವು ಒಂದು ಪಟ್ಟಿಯನ್ನು ಕೊಡುತ್ತದೆ: ಗಂಡ ಅಥವಾ ಹೆಂಡತಿ; ಒಡಹುಟ್ಟಿದವರು; ಗಂಡನ ಅಥವಾ ಹೆಂಡತಿಯ ಒಡಹುಟ್ಟಿದವರು; ತಂದೆತಾಯಿಗಳ ಒಡಹುಟ್ಟಿದವರು; ತನ್ನ ಮತ್ತು ಗಂಡ ಅಥವಾ ಹೆಂಡತಿಯ ನೇರವಾದ ಹಿರಿಯ ಪೀಳಿಗೆಯವರು, ಕಿರಿಯ ಪೀಳಿಗೆಯವರು; ಇವರೆಲ್ಲರ ಗಂಡಂದಿರು, ಹೆಂಡಿರು. ಪಟ್ಟಿಯು ಉದಾರವಾಗಿರುವಂತೆ ಕಂಡರೂ ನಮ್ಮ ನೆಂಟಸ್ತಿಕೆಯ ಅಳತೆಗೂ ಇದರ ಅಳತೆಗೂ ಹೊಂದಿಕೆಯಾಗುವುದಿಲ್ಲ. ಕನ್ನಡದಲ್ಲಿ ಚಿಕ್ಕಪ್ಪನ ಮಗನೂ ತಮ್ಮನೇ, ದೊಡ್ಡಮ್ಮನ ಮಗಳೂ ಅಕ್ಕನೇ. ಒಂದೇ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಉಂಡು ಬೆಳೆದಿರಬಹುದು. ಶಾಸನದ ಪಟ್ಟಿಯಲ್ಲಿ ಅವರಿಗೆ ಸ್ಥಳವಿಲ್ಲ. ಅವರೂ ಸ್ನೇಹಿತನಂತೆ ಹೊರಗಿನವರೇ.

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದಿದೆ. ಪಟ್ಟಿಯನ್ನು ಯಾವಾಗಲೂ ಪಡೆದವನ ಕಡೆಯಿಂದ ನೋಡಬೇಕು. ಸೋದರಮಾವನು ಸೋದರಳಿಯನ ಓದಿಗೆ ಎರಡು ಲಕ್ಷ ಕೊಟ್ಟನೆನ್ನೋಣ. ಪಡೆದವನು ಅಳಿಯ, ಕೊಟ್ಟವನು ಅವನ ತಾಯಿಯ ಒಡಹುಟ್ಟಿದವನು, ಪಟ್ಟಿಯಲ್ಲಿದ್ದಾನೆ, ತೆರಿಗೆಯಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಆ ಅಳಿಯನು ದೊಡ್ಡ ಹುದ್ದೆಗೆ ಬಂದು, ವಯಸ್ಸಾದ ಮಾವನ ಕಣ್ಣಿನ ಚಿಕಿತ್ಸೆಗೆಂದು ಎರಡು ಲಕ್ಷವನ್ನು ಪ್ರೀತಿಯಿಂದ ಕೊಟ್ಟರೆ, ಪಡೆದವನು ಮಾವ. ಸೋದರಿಯ ಮಗನೆಂಬ ನೆಂಟಸ್ತಿಕೆಯು ಅವನ ಪಟ್ಟಿಯಲ್ಲಿಲ್ಲ. ಪೂರ್ತಿ ಎರಡು ಲಕ್ಷವೂ ಅವನ ವರಮಾನ. ಹಿರಿಯರಿಂದ ಕಿರಿಯರಿಗೆ ಹರಿಯುವ ಹಣಕ್ಕೆ ತಡೆಯಿಲ್ಲ, ಕಿರಿಯರಿಂದ ಹಿರಿಯರಿಗೆ ಹಿಂದಿರುಗುವಾಗ ಸುಂಕದ ಕಟ್ಟೆಯುಂಟು. ಇದನ್ನು ಬೇಕೆಂದು ಮಾಡಿದರೋ, ಪಟ್ಟಿಯನ್ನು ಬರೆಯುವಾಗ ಹೀಗೆ ಉಳಿದುಹೋಯಿತೋ, ನಮ್ಮ ಮಟ್ಟಿಗೆ ಇದರಲ್ಲಿ ನ್ಯಾಯ ಕಾಣದು.

ಮದುವೆಯ ಸಂದರ್ಭದಲ್ಲಿ ಬಂದದ್ದಕ್ಕೆ, ಅದು ಸ್ನೇಹಿತನಿಂದಲೇ ಬಂದಿರಲಿ, ತೆರಿಗೆಯಿಲ್ಲ. ಆದರೆ ಮದುವೆಯು ಪಡೆದವನದೇ ಆಗಿರಬೇಕು. ವಧೂವರರಿಗೆ ಸಂದ ಮುಯ್ಯಿಗೆ ವಿನಾಯಿತಿಯುಂಟು. ಅದೇ ಚಪ್ಪರದಲ್ಲಿ ಹೆಣ್ಣಿನ ತಂದೆಯ ಹೆಸರಿಗೆ ಸ್ನೇಹಿತರು ಕೊಟ್ಟ ಹಣಕ್ಕೆ ಇಲ್ಲ. ಉಪನಯನ, ಗೃಹಪ್ರವೇಶ, ಷಷ್ಟಿಪೂರ್ತಿಗಳನ್ನು ಶಾಸನವು ಗಣನೆಗೆ ತಂದುಕೊಂಡಿಲ್ಲ. ಉಯಿಲಿನಿಂದಾಗಲಿ ಉತ್ತರಾಧಿಕಾರದಿಂದಾಗಲಿ ಬಂದದ್ದಕ್ಕೆ, ಕೊಡುವವನು ತನ್ನ ಮರಣವು ಸಮೀಪಿಸಿತೆಂದು ತಿಳಿದು ಕೊಟ್ಟದ್ದಕ್ಕೆ, ನೋಂದಣಿಯಾದ ಧರ್ಮಸಂಸ್ಥೆಗಳಿಂದ ಬಂದದ್ದಕ್ಕೆ ಸಾಮಾನ್ಯವಾಗಿ ವಿನಾಯಿತಿಯಿದೆ.

ಕಾಯಿಲೆಯ ವಿಷಯದಲ್ಲಿ ಒಂದು ಸಲ ಮಾತ್ರ ಶಾಸನದ ಮನಸ್ಸು ಕರಗಿತು. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಸಾವಿರಾರು ಕುಟುಂಬಗಳು ಸ್ನೇಹಿತರ, ಅಪರಿಚಿತರ ಹಣದಿಂದ ಆಸ್ಪತ್ರೆಯ ಬಿಲ್ಲನ್ನು ತೀರಿಸಿದವು. ೨೦೨೧ರ ಜೂನ್ ೨೫ರಂದು ಸರ್ಕಾರವು ರಿಯಾಯಿತಿಯನ್ನು ಪ್ರಕಟಿಸಿ, ೨೦೨೨ರಲ್ಲಿ ಅದನ್ನು ೨೦೨೦ರ ಏಪ್ರಿಲ್ ೧ರಿಂದ ಅನ್ವಯವಾಗುವಂತೆ ಶಾಸನದಲ್ಲಿ ಸೇರಿಸಿತು. ಆ ರೋಗದ ಚಿಕಿತ್ಸೆಗೆ ಯಾರಿಂದ ಬಂದ ಹಣವಾದರೂ ವರಮಾನವಲ್ಲ. ಆ ರೋಗದಿಂದ ತೀರಿಕೊಂಡವರ ಕುಟುಂಬಕ್ಕೆ ಹನ್ನೆರಡು ತಿಂಗಳೊಳಗೆ ಉದ್ಯೋಗದಾತರಿಂದ ಬಂದದ್ದಕ್ಕೆ ಮಿತಿಯಿಲ್ಲದೆಯೂ, ಇತರರಿಂದ ಬಂದದ್ದಕ್ಕೆ ೧೦ ಲಕ್ಷದವರೆಗೂ ವಿನಾಯಿತಿ. ಒಳ್ಳೆಯ ಕೆಲಸವೇ ಸರಿ. ಆದರೆ ಹೃದಯದ ಶಸ್ತ್ರಚಿಕಿತ್ಸೆಗೂ ಕ್ಯಾನ್ಸರಿಗೂ ಇಂಥ ವಿನಾಯಿತಿಯು ಬರಲಿಲ್ಲ. ಒಂದು ರೋಗಕ್ಕೆ ತೋರಿಸಿದ ಕರುಣೆಯನ್ನು ಮತ್ತೊಂದಕ್ಕೆ ತೋರಿಸಬಾರದೆಂಬುದಕ್ಕೆ ಯಾವ ಕಾರಣವೂ ನಮಗೆ ತೋರುವುದಿಲ್ಲ. ಐವತ್ತು ಸಾವಿರದ ಮಿತಿಯ ವಿಷಯದಲ್ಲಿಯೂ ಹೀಗೆಯೇ. ೨೦೦೬ರ ಐವತ್ತು ಸಾವಿರಕ್ಕೆ ಆಗ ಇದ್ದ ಬೆಲೆ ಈಗ ಎಲ್ಲಿದೆ? ೧೯೬೧ರ ಶಾಸನದ ಸ್ಥಾನದಲ್ಲಿ ೨೦೨೬ರ ಏಪ್ರಿಲ್ ೧ರಿಂದ ಜಾರಿಗೆ ಬರುವಂತೆ ೨೦೨೫ರಲ್ಲಿ ಅಂಗೀಕಾರವಾದ ಹೊಸ ಶಾಸನವು ಭಾಷೆಯನ್ನು ಸರಳಗೊಳಿಸಿತೇ ಹೊರತು ಈ ಮೊತ್ತವನ್ನು ಹಾಗೆಯೇ ಉಳಿಸಿಕೊಂಡಿತು.

ಸ್ನೇಹಿತನ ನೆರವು ಸಾಲದ ರೂಪದಲ್ಲಿದ್ದರೆ ಮಾತು ಬೇರೆಯಾಗುತ್ತದೆ. ಸಾಲದ ಜೊತೆಗೆ ಹಿಂದಿರುಗಿಸುವ ಹೊಣೆಯೂ ಬರುವುದರಿಂದ ಅದು ವರಮಾನವಲ್ಲ. ಮೊತ್ತ ಎಷ್ಟಾದರೂ ಆಗಲಿ, ಬಡ್ಡಿ ಇರಲಿ ಇಲ್ಲದಿರಲಿ. ಆದುದರಿಂದ ತೀರಿಸುವ ಸಂಕಲ್ಪವು ನಿಜವಾಗಿ ಇದ್ದಲ್ಲಿ ಅದನ್ನು ಸಾಲವೆಂದೇ ಬರೆದಿಡುವುದು ಸರಿ. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ೧೯೮೪ರಲ್ಲಿ ಸೇರಿದ ನಿಯಮವೊಂದರ ಪ್ರಕಾರ ದೊಡ್ಡ ಸಾಲಗಳನ್ನು ನಗದಾಗಿ ಪಡೆಯಕೂಡದು. ಮಿತಿಯು ಮೊದಲು ೧೦,೦೦೦ ರೂಪಾಯಿ, ಬಳಿಕ ೨೦,೦೦೦. ಆ ಮೊತ್ತವನ್ನು ಮುಟ್ಟಿದ ಸಾಲವು ಚೆಕ್ಕಿನ ಮೂಲಕವೋ ಬ್ಯಾಂಕಿನ ವರ್ಗಾವಣೆಯ ಮೂಲಕವೋ ಬರಬೇಕು, ಹಿಂದಕ್ಕೆ ಹೋಗುವಾಗಲೂ ಹಾಗೆಯೇ ಹೋಗಬೇಕು. ತಪ್ಪಿದರೆ ಸಾಲದ ಮೊತ್ತದಷ್ಟೇ ದಂಡವನ್ನು ವಿಧಿಸುವ ಅಧಿಕಾರವನ್ನು ೧೯೬೧ರ ಶಾಸನವು ಕೊಟ್ಟಿದ್ದಿತು. ಈ ನಿಯಮವು ಸಂವಿಧಾನಕ್ಕೆ ವಿರುದ್ಧವೆಂದು ವಾದಿಸಿದವರಿದ್ದರು. ೨೦೦೨ರಲ್ಲಿ ಸುಪ್ರೀಂ ಕೋರ್ಟು ನಿಯಮವನ್ನು ಎತ್ತಿಹಿಡಿಯಿತು. ಕೊಡುಗೆಯ ಹಣವಾದರೂ ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ಒಬ್ಬನಿಂದ ನಗದಾಗಿ ಪಡೆಯುವುದನ್ನು ೨೦೧೭ರಲ್ಲಿ ನಿಷೇಧಿಸಿದರು.

ವಿದೇಶಗಳಲ್ಲಿರುವ ನಮ್ಮವರಿಗೂ ಇದರ ಸಂಬಂಧವುಂಟು. ಅಮೆರಿಕದಲ್ಲಿರುವ ಸ್ನೇಹಿತನು ಬೆಂಗಳೂರಿನವನಿಗೆ ಹಣ ಕಳುಹಿಸಿದರೆ ಮೇಲೆ ಹೇಳಿದ ನಿಯಮವೇ ಅನ್ವಯಿಸುತ್ತದೆ. ಬೆಂಗಳೂರಿನವನು ಅಲ್ಲಿರುವ ಗೆಳೆಯನಿಗೆ ಕಳುಹಿಸಿದ ಹಣವೂ, ೨೦೧೯ರ ಜುಲೈ ೫ರಿಂದೀಚೆಗೆ, ಐವತ್ತು ಸಾವಿರವನ್ನು ಮೀರಿದರೆ ಇಂಡಿಯಾದಲ್ಲಿ ಹುಟ್ಟಿದ ವರಮಾನವೆಂದೇ ಎಣಿಕೆಗೆ ಬರುತ್ತದೆ.

ಕೊನೆಯದಾಗಿ ರುಜುವಾತಿನ ಮಾತು. ಬ್ಯಾಂಕಿನ ಲೆಕ್ಕದಲ್ಲಿ ದೊಡ್ಡ ಮೊತ್ತವೊಂದು ಕಂಡುಬಂದು ಅಧಿಕಾರಿಯು ಪ್ರಶ್ನೆ ಕೇಳಿದಾಗ, ಕೊಡುಗೆಯೆಂದೋ ಸಾಲವೆಂದೋ ಬಾಯಲ್ಲಿ ಹೇಳಿದರೆ ಸಾಲದು. ಕೊಟ್ಟವನು ಇಂಥವನೆಂದು ತೋರಿಸಬೇಕು, ಅಷ್ಟನ್ನು ಕೊಡುವ ಶಕ್ತಿ ಅವನಿಗಿದ್ದಿತೆಂದು ತೋರಿಸಬೇಕು, ವ್ಯವಹಾರವು ನಿಜವಾಗಿ ನಡೆಯಿತೆಂದೂ ತೋರಿಸಬೇಕು. ಇದಾಗದಿದ್ದರೆ ಆ ಹಣವು ಮೂಲ ತಿಳಿಯದ ಹಣವೆನಿಸುತ್ತದೆ. ೨೦೧೬ರ ಡಿಸೆಂಬರಿನ ತಿದ್ದುಪಡಿಯು ಅಂಥ ಹಣದ ಮೇಲಿನ ತೆರಿಗೆಯನ್ನು ಶೇಕಡ ೬೦ಕ್ಕೆ ಏರಿಸಿತು. ಇದಕ್ಕೆ ಬೇಕಾದ ಸಾಧನಗಳೇನೂ ದೊಡ್ಡವಲ್ಲ. ಹಣವು ಬ್ಯಾಂಕಿನ ಮೂಲಕ ಬಂದಿರಬೇಕು. ಸ್ನೇಹಿತನ ಒಂದು ಪತ್ರವಿರಬೇಕು. ಅದರಲ್ಲಿ ಅವನ ಹೆಸರು, ವಿಳಾಸ, ತೆರಿಗೆಯ ಇಲಾಖೆಯು ಕೊಟ್ಟ ಪ್ಯಾನ್ ಸಂಖ್ಯೆ, ಮೊತ್ತ, ಇದು ಕೊಡುಗೆಯೋ ಸಾಲವೋ ಎಂಬುದು, ಸಾಲವಾದರೆ ತೀರಿಸುವ ಬಗೆ, ಇಷ್ಟು ಬರೆದು ಅವನು ರುಜು ಮಾಡಿದ್ದರೆ ಸಾಕು. ಆಪ್ತರಿಂದ ಕಾಗದ ಕೇಳುವುದು ಹೇಗೆಂದು ಸಂಕೋಚಪಡುವವರು ನಮ್ಮಲ್ಲಿ ಬಹುಮಂದಿ. ಆ ಸಂಕೋಚವು ಹಣ ಬಂದ ವಾರದಲ್ಲಿ ಸಣ್ಣದಾಗಿರುತ್ತದೆ, ಇಲಾಖೆಯ ನೋಟೀಸು ಬಂದ ಮೇಲೆ ಅದೇ ಸ್ನೇಹಿತನನ್ನು ಹುಡುಕಿಕೊಂಡು ಹೋಗುವಾಗ ದೊಡ್ಡದಾಗುತ್ತದೆ. ಪತ್ರದ ತಾರೀಕಿಗೂ ಹಣ ಬಂದ ತಾರೀಕಿಗೂ ನಡುವೆ ಎರಡು ವರ್ಷಗಳ ಅಂತರವಿದ್ದರೆ ಅಧಿಕಾರಿಯು ಮೊದಲು ಕೇಳುವ ಪ್ರಶ್ನೆ ಅದನ್ನೇ.